ಎರಡು ಸಲ ಗುಣವಾದವಳು

ಲಿಮಾ,
ಸೆಪ್ಟೆಂಬರ್ ೧೯, ಗುರುವಾರ

ಸಿಟ್ಟಾಗಿ ಕೂತಿರುವ ನನ್ನ ಅಮ್ಮನಿಗೆ,

ನಿನ್ನ ಅಸುಂತಾ ಕಳಿಸುವ ಮುತ್ತುಗಳು. ನೀನು ಕೆನ್ನೆ ಆ ಕಡೆ ತಿರುಗಿಸಿಕೊಂಡರೂ ಸರಿ, ಕಳಿಸಿದ್ದು ಕಳಿಸಿದ್ದೇ.

ನೀನು ಫೋನ್ ಎತ್ತುವುದಿಲ್ಲ. ಚಿಕ್ಕಮ್ಮನ ಫೋನಿಗೆ ಮಾಡಿದರೆ, ಅಡುಗೆಮನೆಯಲ್ಲಿ ನೀನು ಬೇಕೆಂದೇ ರುಬ್ಬುಕಲ್ಲು ಜೋರಾಗಿ ಉರುಳಿಸುವುದು ಕೇಳಿಸುತ್ತದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರವನ್ನು ಓದದೆ ಒಲೆಗೆ ಹಾಕುವ ಜಾತಿಯವಳಲ್ಲ ನೀನು. ಮೊದಲು ಓದುತ್ತೀ, ಆಮೇಲೆ ಹಾಕುತ್ತೀ.

ನಿನ್ನ ಸಿಟ್ಟಿನ ಕಾರಣ ನನಗೆ ಗೊತ್ತು. ನಿನಗೆ ಹೇಳದೆ ನಾನು ಲಿಮಾದಲ್ಲಿ ಡಾಕ್ಟರ್ ಒಫೆಲಿಯಾ ಬೆಹಾರ್ ಅವರ ಅಧ್ಯಯನಕ್ಕೆ ಸೇರಿದೆ. ಕೊನೆಯ ಸಲ ಮಾತಾಡಿದಾಗ ನೀನು, "ನಿನ್ನ ಮೈ ಏನು ಅವ್ರ ಇಸ್ಕೂಲಿನ ಕಪ್ಪು ಹಲಗೆನಾ? ಆ ಡಾಕ್ಟ್ರು ಒಂದ್ಸಲ ಬರ್ದ, ಅವ್ನೇ ಅಳಿಸ್ದ, ಈಗ ಇವ್ಳು ಬರೀಬೇಕಾ?" ಎಂದು ಕೂಗಿ ಫೋನ್ ಕುಕ್ಕಿದೆ. ಮಾತು ಚೆನ್ನಾಗಿತ್ತು, ನಾನು ಸುದ್ದಿ ಓದುವ ರೇಡಿಯೋದಲ್ಲಿ ಬಳಸಿಕೊಳ್ಳಬೇಕೆನಿಸಿತು. ಆದರೆ ಒಪ್ಪುವುದಿಲ್ಲ. ಸೇರಿದ್ದೇನೆ, ಬಿಡುವುದಿಲ್ಲ. ತಿಂಗಳಿಗೊಮ್ಮೆ ರಕ್ತ ಕೊಡುತ್ತೇನೆ, ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲುತ್ತೇನೆ, ದಿನಾ ಮಾತ್ರೆ ನುಂಗುತ್ತೇನೆ. ಅದರೊಳಗಿರುವುದು ಮದ್ದೋ ಬರೀ ಹಿಟ್ಟೋ ನನಗೂ ಗೊತ್ತಿಲ್ಲ, ಒಫೆಲಿಯಾ ಅವರಿಗೂ ಗೊತ್ತಿಲ್ಲ. ಗೊತ್ತಿರಬಾರದು ಎಂಬುದೇ ಅಲ್ಲಿನ ನಿಯಮ. ತುಟಿ ಒಡೆಯುತ್ತಿರುವುದು ನೋಡಿದರೆ ಮದ್ದೇ ಇರಬೇಕು ಅಂದುಕೊಂಡಿದ್ದೇನೆ. ಮಾಂಸವನ್ನೆಲ್ಲ ಮೂಳೆ ಮಾಡುವ ಈ ಕಾಯಿಲೆ ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವುದೂ ಕಷ್ಟ. ನಾನೇ ಹೋಗಿ ನಿಲ್ಲದಿದ್ದರೆ ಅವರು ಯಾರನ್ನು ನೋಡಿ ಕಲಿಯಬೇಕು, ಅಮ್ಮ? ಮಿಸ್ತಿ ಬೆಟ್ಟವನ್ನಾ?

ಇನ್ನೊಂದು ವಿಷಯ. ಇದನ್ನು ನಿಂತುಕೊಂಡು ಓದಬೇಡ, ಕೂತುಕೋ. ಹಿಂದಿನ ವಾರ ನಾನು ನಮ್ಮ ಅರೆಕೀಪಾಕ್ಕೆ ಬಂದಿದ್ದೆ. ನೀನು ನಡೆಸುವ ಊಟದ ಮನೆಗೆ ಎರಡು ಬೀದಿ ಆಚೆಗಿರುವ ಹೋಟೆಲಿನಲ್ಲಿ ಇಳಿದಿದ್ದೆ. ಮನೆಗೆ ಬರಲಿಲ್ಲ. ಬೆಳಿಗ್ಗೆ ಕಿಟಕಿ ತೆಗೆದರೆ ನಿನ್ನ ಒಲೆಯ ಹೊಗೆ ವಾಸನೆ ಬರುತ್ತಿತ್ತೋ, ಬರೀ ನನ್ನ ಭ್ರಮೆಯೋ. ಯಾಕೆ ಬರಲಿಲ್ಲ ಎಂಬುದನ್ನು ಕೆಳಗೆ ಹೇಳುತ್ತೇನೆ. ಮೊದಲು ನಡೆದದ್ದು ಕೇಳು.

ಶಸ್ತ್ರಚಿಕಿತ್ಸಕರ ದೊಡ್ಡ ಸಮ್ಮೇಳನವಿತ್ತು. ಒಫೆಲಿಯಾ ಅವರು ಅಲ್ಲಿ ನಮ್ಮ ಕಾಯಿಲೆಯ ಬಗ್ಗೆ ಮಾತಾಡುವವರಿದ್ದರು. "ಅಸುಂತಾ, ಚಿತ್ರ ತೋರಿಸಿದ್ರೆ ಇವ್ರು ಆಕಳಿಸ್ತಾರೆ. ನೀನು ಬಂದು ನಿಂತ್ರೆ ಆಕಳಿಸಲ್ಲ. ಇಷ್ಟ ಇದ್ರೆ ಬಾ, ಇಲ್ಲಾಂದ್ರೆ ಬೇಡ," ಎಂದಿದ್ದರು. ಅವರು ಹೀಗೇ. ನನ್ನ ಹೆಗಲನ್ನು ನೋಡಬೇಕಾದರೂ ಪ್ರತಿಸಲ ಕೇಳುತ್ತಾರೆ, ಕೇಳಿ ಬೆರಳು ಬೆಚ್ಚಗೆ ಮಾಡಿಕೊಂಡು ಮುಟ್ಟುತ್ತಾರೆ.

ಅವರಿಗಿಂತ ಮೊದಲು ಮಾತಾಡಲು ಬಂದವರು ಯಾರು ಗೊತ್ತೇ? ಡಾಕ್ಟರ್ ಲಿಸಾರ್ರಗಾ.

ಹೌದು, ಅದೇ ಲಿಸಾರ್ರಗಾ. ತಲೆ ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಒಂಬತ್ತು ವರ್ಷದ ನನ್ನ ಬೆನ್ನು ತಟ್ಟಿ, "ಪುಟ್ಟ ಗಡ್ಡೆ, ಮೊಟ್ಟೆ ಸುಲಿದ ಹಾಗೆ ತೆಗೆದುಬಿಡ್ತೀನಿ," ಎಂದಿದ್ದ ಅದೇ ದನಿ. ಅವರ ಭಾಷಣದ ವಿಷಯ, ಮಕ್ಕಳ ಕುತ್ತಿಗೆ ಮತ್ತು ಹೆಗಲಿನ ಗಡ್ಡೆಗಳು. ಇಡೀ ವೃತ್ತಿಜೀವನದಲ್ಲಿ ತಾವು ಕೊಯ್ದು ತೆಗೆದವು, ಅವುಗಳ ಫಲಿತಾಂಶ. ಮೂವತ್ತೆಂಟು ಮಕ್ಕಳು, ಒಬ್ಬರಿಗೂ ಗಡ್ಡೆ ಮರಳಿಲ್ಲ, ಒಂದೇ ಒಂದು ತೊಡಕಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಫೋಟೋಗಳು ಬಂದವು. ಮುಖ ಕಾಣದಂತೆ ತೆಗೆದ ಬರೀ ಬೆನ್ನುಗಳು.

ಹದಿನೇಳನೆಯದು ನನ್ನ ಬೆನ್ನು.

ನನ್ನ ಬೆನ್ನನ್ನು ನಾನು ನೋಡಿಕೊಂಡು ಎಷ್ಟೋ ವರ್ಷವಾಯಿತು, ಕುತ್ತಿಗೆ ಅಷ್ಟು ತಿರುಗುವುದಿಲ್ಲ. ಆದರೆ ಎಡ ರೆಕ್ಕೆಮೂಳೆಯ ಕೆಳಗಿನ ಆ ಹುರುಳಿಕಾಳಿನಂಥ ಮಚ್ಚೆ, ಅದರ ಪಕ್ಕದಲ್ಲಿ ಇನ್ನೆರಡು ಚುಕ್ಕಿ! ಸ್ನಾನ ಮಾಡಿಸುವಾಗ ನೀನು ಅದನ್ನು "ಕೋಳಿ ಮತ್ತು ಮರಿಗಳು" ಎನ್ನುತ್ತಿದ್ದೆ. ಹೊಲಿಗೆ ಬಿಚ್ಚಿದ ಆರನೇ ವಾರದ ಫೋಟೋ ಅದು. ಕೈ ಎರಡೂ ಮೇಲೆತ್ತಿದ್ದೇನೆ. ನಂಬು ಅಮ್ಮ, ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಆ ಹುಡುಗಿ ಬಲಗೈ ಎಷ್ಟು ಮೇಲಕ್ಕೆ ಎತ್ತಿದ್ದಳು!

ಎದ್ದು ಹೊರಗೆ ಹೋಗಿಬಿಡೋಣ ಎಂದುಕೊಳ್ಳುತ್ತಿರುವಾಗ ಇಪ್ಪತ್ತಾರನೇ ಮಗುವಿನ ಫೋಟೋ ಬಂತು. ಅದೂ ನಾನೇ. ಅದೇ ಕೋಳಿ, ಅದೇ ಮರಿಗಳು.

ಅರ್ಥವಾಯಿತೇ? ಮೊದಲ ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಕೊಯ್ದರು. ಹೆಗಲು ಕಲ್ಲಾಗತೊಡಗಿದಾಗ ನೀನು ನನ್ನನ್ನು ಅವರ ಸ್ವಂತ ದವಾಖಾನೆಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಅಪ್ಪ ಬಿಟ್ಟುಹೋಗಿದ್ದ, ನೀನು ನಿನ್ನ ಮನೆತನದ ಹೆಸರು ಹೇಳಿದ್ದೆ. ಅವರ ಲೆಕ್ಕದಲ್ಲಿ ಇಬ್ಬರು ಹುಡುಗಿಯರು. ಇಬ್ಬರೂ ಗುಣ. ಬೇಕೆಂದೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ನೋಡಲಿಲ್ಲ. ನೋಡುವ ಮನಸ್ಸಿದ್ದಿದ್ದರೆ ಕಾಣುತ್ತಿತ್ತು.

ನಾನು ಎದ್ದು ನಿಂತೆ. ಏಳುವುದೂ ನನಗೆ ಸುಲಭವಲ್ಲವಲ್ಲ, ಕುರ್ಚಿ ಕಿರುಗುಟ್ಟಿತು, ನಾಲ್ಕು ಜನ ತಿರುಗಿ ನೋಡಿದರು. ನಡುದಾರಿಯಲ್ಲಿ ಮೈಕಿತ್ತು. ಅಲ್ಲಿಗೆ ಹೋದೆ. ಒಫೆಲಿಯಾ ನನ್ನನ್ನು ತಡೆಯಲಿಲ್ಲ.

"ಅಮ್ಮಾ, ಪ್ರಶ್ನೆಗಳಿಗೆ ಕೊನೇಲಿ ಸಮಯ ಇದೆ," ಎಂದರು ಲಿಸಾರ್ರಗಾ. ಮರ್ಯಾದೆಯಿಂದಲೇ.

"ನಂದು ಪ್ರಶ್ನೆ ಅಲ್ಲ ಡಾಕ್ಟ್ರೇ. ನಾನು ನಿಮ್ಮ ಹದಿನೇಳನೇ ಮಗು."

ಯಾರೋ ಹಿಂದೆ ಕಿಸಕ್ಕೆಂದರು. ಲಿಸಾರ್ರಗಾ ಕನ್ನಡಕ ಸರಿಮಾಡಿಕೊಂಡರು. "ಸಂತೋಷ. ಹೇಗಿದೀರಿ?"

"ನೀವೇ ನೋಡಿ. ಫೋಟೋದಲ್ಲಿರೋ ಹಾಗೆ ಕೈ ಎತ್ತು ಅಂದ್ರೆ ಎತ್ತಕ್ಕಾಗಲ್ಲ. ಹೆಗಲು, ಮೊಣಕೈ, ಕುತ್ತಿಗೆ ಎಲ್ಲಾ ಬೀಗ ಹಾಕ್ಕೊಂಡಿವೆ. ಇಪ್ಪತ್ತಾರನೇ ಮಗುನೂ ನಾನೇ ಡಾಕ್ಟ್ರೇ. ಒಬ್ಳೇ ಎರಡು ಸಲ ಗುಣ ಆಗಿದೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಅವರು, "ಅದು ಸಾಧ್ಯ ಇಲ್ಲ, ಬೇರೆ ಬೇರೆ ಹೆಸರು, ಬೇರೆ ಬೇರೆ ಆಸ್ಪತ್ರೆ," ಎಂದರು. ದನಿ ಸ್ವಲ್ಪ ಎತ್ತರಿಸಿದರು. "ಅಲ್ಲದೆ ಆರು ವಾರದ ಮೇಲೆ ಆ ಹುಡುಗಿ ತೋರಿಸಕ್ಕೆ ಬರಲೇ ಇಲ್ಲ."

"ಬಂದ್ಲು. ಬಂದು ಇಪ್ಪತ್ತಾರನೆಯವಳಾದ್ಲು. ಆ ಫೋಟೋ ಇನ್ನೊಂದ್ಸಲ ಹಾಕ್ಸಿ. ಆ ಮಗು ಬೆನ್ನ ಮೇಲೆ ಹಳೇ ಹೊಲಿಗೆ ಗೆರೆ ಇದೆ. ಅದನ್ನ ಹೊಲ್ದೋರು ಯಾರು?"

ಫೋಟೋ ಹಾಕುವ ಹುಡುಗಿ ಯಾರ ಅಪ್ಪಣೆಯನ್ನೂ ಕೇಳದೆ ಹಿಂದಕ್ಕೆ ಹೋದಳು. ಇಷ್ಟೆತ್ತರದ ಪರದೆಯ ಮೇಲೆ ನನ್ನ ಬೆನ್ನು. ಹೊಸ ಗಾಯದ ಪಕ್ಕದಲ್ಲೇ ಹಳೆಯ ಗೆರೆ. ಗುಜುಗುಜು ನಿಂತಿತು. ನಾನು ಅಷ್ಟಕ್ಕೇ ಬಿಡಲಿಲ್ಲ ಅಮ್ಮ, ನಿನ್ನ ಮಗಳಲ್ಲವೇ. ಬೆಳಗಿನ ಸುದ್ದಿ ಓದುವ ದನಿಯಲ್ಲಿ ಹೇಳಿದೆ: "ನಮ್ಮಂಥೋರಿಗೆ ಕೊಯ್ದ ಜಾಗದಲ್ಲೆಲ್ಲಾ ಮೂಳೆ ಬೆಳಿಯತ್ತೆ. ಗಡ್ಡೆ ತೆಗೆದ್ರೆ ಅಲ್ಲಿ ಮೂಳೆ. ಆ ಮೂಳೆ ತೆಗೆದ್ರೆ ಇನ್ನೂ ದೊಡ್ಡ ಮೂಳೆ. ಕತ್ತಿ ಹಿಡಿಯೋಕೆ ಮುಂಚೆ ಮಗು ಕಾಲಿನ ಹೆಬ್ಬೆರಳು ನೋಡಿ. ಒಳಗಡೆ ಸೊಟ್ಟಗಿದ್ರೆ ಕತ್ತಿ ಕೆಳಗಿಡಿ. ಇದಕ್ಕೆ ಯಂತ್ರ ಬೇಡ, ಕಾಲುಚೀಲ ಬಿಚ್ಚಿದ್ರೆ ಸಾಕು."

ಅಷ್ಟು ಹೇಳಿ ಬಂದು ಕೂತೆ. ಚಪ್ಪಾಳೆ ಬೀಳಲಿಲ್ಲ. ಇಬ್ಬರು ಎದ್ದು ಹೊರಗೆ ಹೋದರು. ಮುಂದಿನ ಸಾಲಿನ ಒಬ್ಬ ದಪ್ಪ ಮನುಷ್ಯ, "ಈ ಹೆಂಗಸನ್ನ ಒಳಗೆ ಬಿಟ್ಟೋರ್ಯಾರು?" ಎಂದು ಪಕ್ಕದವರನ್ನು ಕೇಳುತ್ತಿದ್ದ. ಒಫೆಲಿಯಾ ವೇದಿಕೆ ಹತ್ತಿ, "ನಾನು ಬಿಟ್ಟಿದ್ದು. ಈಗ ನನ್ನ ಸರದಿ," ಎಂದು ಮಾತು ಶುರು ಮಾಡಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಜಂಬ ಕೊಚ್ಚಿಕೊಂಡು ಲಿಮಾಕ್ಕೆ ಬಸ್ಸು ಹತ್ತುತ್ತಿದ್ದೆ. ಬಾಗಿಲ ಹತ್ತಿರ ಒಬ್ಬ ಎಳೆ ಡಾಕ್ಟರಮ್ಮ ನನ್ನನ್ನು ಹಿಡಿದುಕೊಂಡಳು. ಶಸ್ತ್ರಚಿಕಿತ್ಸೆ ಕಲಿಯುತ್ತಿರುವವಳು, ಹೆಸರು ರೊಸೌರಾ. ಮುಖ ಬಿಳಚಿಕೊಂಡಿತ್ತು. ತಮ್ಮ ವಾರ್ಡಿನಲ್ಲಿ ಕಮನಾ ಊರಿನ ನಾಲ್ಕು ವರ್ಷದ ಮಗುವೊಂದಿದೆ, ಕುತ್ತಿಗೆಯಲ್ಲಿ ಗಡ್ಡೆ, ನಾಳೆ ಬೆಳಿಗ್ಗೆ ಲಿಸಾರ್ರಗಾ ಅವರ ತಂಡ ಕೊಯ್ಯುತ್ತದೆ ಎಂದಳು.

"ಕಾಲು ನೋಡಿದೀರಾ?" ಎಂದೆ.

"ಇಲ್ಲ. ಕುತ್ತಿಗೆ ಕಾಯಿಲೆಗೆ ಕಾಲು ಯಾರು ನೋಡ್ತಾರೆ?"

ಒಫೆಲಿಯಾ ಅವರ ಭಾಷಣ ಮುಗಿಯುವವರೆಗೂ ಕಾಯಲಿಲ್ಲ, ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದೆವು. ಮಗುವಿನ ಹೆಸರು ಲುಸ್ಮಿಲಾ. ಮಂಚದ ಮೇಲೆ ಕೂತು ಬ್ರೆಡ್ಡನ್ನು ಹಾಲಿನಲ್ಲಿ ಅದ್ದುತ್ತಿತ್ತು. ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿತ್ತು, ನಾನು ತಿರುಗುವ ಹಾಗೆ. ಪಕ್ಕದಲ್ಲಿ ತಾಯಿ ಎದೆಲ್ಮೀರಾ, ಹೆರಳು ಬಿಗಿದ ಗಟ್ಟಿಗಿತ್ತಿ, ಭತ್ತದ ಗದ್ದೆಯಲ್ಲಿ ಕೆಲಸ ಮಾಡಿದ ಕೈಗಳು.

"ಯಾರಮ್ಮ ನೀನು? ಸೋಪು ಮಾರೋಳಾ, ಪ್ರಾರ್ಥನೆ ಮಾಡೋಳಾ? ಎರಡೂ ಬೇಡ," ಎಂದಳು.

"ಎರಡೂ ಅಲ್ಲಕ್ಕ. ನಿನ್ನ ಮಗಳ ಕಾಲು ಸ್ವಲ್ಪ ನೋಡ್ಲಾ?"

ಅವಳು ಉತ್ತರ ಕೊಡುವ ಮೊದಲೇ ಮಗು ಕಾಲುಚೀಲ ಕಿತ್ತು ಎಸೆದು ಎರಡೂ ಕಾಲು ಮುಂದಕ್ಕೆ ಚಾಚಿತು. ಹೆಬ್ಬೆರಳುಗಳು ಗಿಡ್ಡ, ಒಳಕ್ಕೆ ಬಾಗಿ ಪಕ್ಕದ ಬೆರಳಿನ ಕಡೆ ಮುಖ ಮಾಡಿದ್ದವು. ಹುಟ್ಟಿದಾಗ ನನ್ನದನ್ನು ನೋಡಿ ಅಜ್ಜಿ ನಕ್ಕಿದ್ದಳಂತಲ್ಲ, ಅದೇ ಬೆರಳುಗಳು. ಅಮ್ಮ, ಇದೇ ಕಾಯಿಲೆಯ ಇನ್ನೊಬ್ಬರನ್ನು ನಾನು ಅದುವರೆಗೆ ಕಣ್ಣಾರೆ ಕಂಡಿರಲಿಲ್ಲ. ನನಗೆ ಖುಷಿಯೂ ಆಯಿತು. ಆಗಬಾರದಿತ್ತು, ಆಯಿತು.

ಎದೆಲ್ಮೀರಾ ಒಪ್ಪಲಿಲ್ಲ. "ಅಪಶಕುನ ನುಡೀಬೇಡ. ನನ್ನ ಮಗಳಿಗಿರೋದು ಗಡ್ಡೆ ಅಷ್ಟೇ. ತೆಗೆದ್ರೆ ಹೋಗತ್ತೆ, ದೊಡ್ಡ ಡಾಕ್ಟ್ರೇ ಹೇಳಿದಾರೆ."

"ನಂಗೂ ಅದೇ ದೊಡ್ಡ ಡಾಕ್ಟ್ರೇ ಹೇಳಿದ್ರು."

"ನಿನ್ನ ಹಣೆಬರಹ ನಿಂಗೆ, ನನ್ನ ಮಗಳದ್ದು ಅವ್ಳಿಗೆ. ದಿನಾ ದಿನಾ ದೊಡ್ದಾಗ್ತಿದೆ ಅದು! ಸುಮ್ನೆ ನೋಡ್ಕೊಂಡು ಕೂರ್ಲಾ?"

ನಾನು ಶಾಲು ತೆಗೆದೆ. ರೊಸೌರಾ ರವಿಕೆಯ ಗುಂಡಿ ಬಿಚ್ಚಿಕೊಟ್ಟಳು, ನನ್ನ ಕೈಗೆ ಅದು ಆಗುವುದಿಲ್ಲ. ಬೆನ್ನು ತಿರುಗಿಸಿ ನಿಂತು, "ಮುಟ್ಟು," ಎಂದೆ. ಎದೆಲ್ಮೀರಾಳ ಒರಟು ಬೆರಳುಗಳು ಹೆಗಲಿನಿಂದ ಕುತ್ತಿಗೆಯವರೆಗೆ ನಿಧಾನವಾಗಿ ಹೋದವು. ಚರ್ಮದಡಿ ಬೇರುಗಳ ಹಾಗೆ ಹಬ್ಬಿರುವ ಮೂಳೆಗೆ ತಾಗಿ ನಿಂತವು. ಅವಳು ಮೇರಿ ಮಾತೆಯ ಹೆಸರು ಹೇಳಿ ಶಿಲುಬೆ ಗುರುತು ಮಾಡಿಕೊಂಡಳು. ಮಗು, "ಅಮ್ಮ, ಇವ್ರ ಕೈ ಯಾಕೆ ಕೋಳಿ ರೆಕ್ಕೆ ಥರ ಇದೆ?" ಎಂದು ಕೇಳಿತು. ನಾನು ಇಡೀ ಮೈ ಕುಲುಕಿಸಿ ರೆಕ್ಕೆ ಬಡಿದ ಹಾಗೆ ಮಾಡಿ ತೋರಿಸಿದೆ. ನಕ್ಕಿತು.

ಎದೆಲ್ಮೀರಾಳ ದನಿ ಇಳಿದಿತ್ತು. "ನಾನು ಸಹಿ ಹಾಕ್ಬಿಟ್ಟಿದೀನಿ. ಈಗ ಬೇಡ ಅಂದ್ರೆ ಬೈತಾರೆ."

"ಬೈಲಿ ಬಿಡಕ್ಕ. ಬೈದ್ರೆ ಮೂಳೆ ಬೆಳಿಯಲ್ಲ."

ಆ ಹೊತ್ತಿನಲ್ಲಿ ನನಗೆ ನೀನು ಕಂಡೆ ಅಮ್ಮ. ಈಗಿನ ನೀನಲ್ಲ, ಈಗಿನ ನನಗಿಂತ ಚಿಕ್ಕ ವಯಸ್ಸಿನ ಅಂದಿನ ನೀನು. ಮಗುವಿಗೆ ಒಳ್ಳೆಯದಾಗಲಿ ಎಂದು ಸಹಿ ಹಾಕಿ, ಆಮೇಲೆ ಇಪ್ಪತ್ತೆರಡು ವರ್ಷ ಸಹಿ ಹಾಕಿದ ನಿನ್ನ ಬೆರಳುಗಳನ್ನೇ ದ್ವೇಷಿಸಿದವಳು. ಎದೆಲ್ಮೀರಾಳನ್ನು ಬೈಯಬೇಕೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನಿನಗೂ ಯಾರೂ ಹೇಳಿರಲಿಲ್ಲ. ಇದನ್ನು ನಾನು ನಿನಗೆ ಎಷ್ಟು ಸಲ ಹೇಳಿದರೂ ನೀನು ಮಾತು ಬದಲಿಸುತ್ತಿದ್ದೆ. ಈಗ ಬರೆದಿದ್ದೇನೆ, ಬದಲಿಸುವುದಕ್ಕೆ ಬರುವುದಿಲ್ಲ.

ಸಂಜೆ ಲಿಸಾರ್ರಗಾ ವಾರ್ಡಿಗೆ ಬಂದರು. ರೊಸೌರಾಗೆ, "ನಿಂಗೆ ನನ್ನ ಹತ್ರ ಕಲಿಯೋದು ಇಷ್ಟ ಇಲ್ವಾ?" ಎಂದು ಗದರಿದರು. ಆ ಹುಡುಗಿ ಬೆದರಿದಳು, ಆದರೆ ಮಂಚದ ಪಕ್ಕದಿಂದ ಕದಲಲಿಲ್ಲ. ಅಷ್ಟು ಹೊತ್ತಿಗೆ ಒಫೆಲಿಯಾ ಕೂಡ ಬಂದಿದ್ದರು. ನಾನು ಮಗುವಿನ ಹೊದಿಕೆಯನ್ನು ಕಾಲಿನ ಕಡೆಯಿಂದ ಎತ್ತಿದೆ.

ಅವರು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಕೊನೆಗೆ ನೆಟ್ಟಗೆ ನಿಂತು ಯಾರ ಮುಖವನ್ನೂ ನೋಡದೆ, "ನಾಳೆ ಕೊಯ್ಯೋದು ಬೇಡ. ಡಾಕ್ಟರ್ ಬೆಹಾರ್ ಹೇಳಿದ ಪರೀಕ್ಷೆ ಎಲ್ಲಾ ಮಾಡ್ಸಿ," ಎಂದರು. ಅಷ್ಟೇ. ಕ್ಷಮೆ ಕೇಳುತ್ತಾರೆಂದು ನೀನು ಕಾಯುತ್ತಿದ್ದರೆ, ಕೇಳಲಿಲ್ಲ. ನಾನೂ ಕಾಯಲಿಲ್ಲ.

ಹೋಗುವ ಮುನ್ನ ನನ್ನ ಕಡೆ ತಿರುಗಿ, "ನಿಮ್ಮ ಹೆಗಲು ನೋಡಬಹುದಾ?" ಎಂದರು.

"ನೋಡಿ. ಮುಟ್ಟಬೇಡಿ."

ಕೈ ಹಿಂದೆ ಕಟ್ಟಿಕೊಂಡು ನೋಡಿದರು. ಶಾಲೆಯ ಹುಡುಗ ನಿಂತ ಹಾಗೆ ನಿಂತಿದ್ದರು. ಆಮೇಲೆ ಮೆಲ್ಲಗೆ, "ನನ್ನ ವರದಿ ತಿದ್ದಬೇಕು. ಮೂವತ್ತೆಂಟೂ ಜನರನ್ನ ಹುಡುಕಿಸಿ, ಈಗ ಹೇಗಿದಾರೆ ನೋಡ್ಬೇಕು. ನಿಮ್ಮ ವಿಷಯ ಬರೀಬಹುದಾ? ಹೆಸರು ಹಾಕಲ್ಲ," ಎಂದರು.

"ಮೂವತ್ತೇಳು ಡಾಕ್ಟ್ರೇ," ಎಂದೆ. "ನನ್ನ ಹೆಸರು ಧಾರಾಳವಾಗಿ ಹಾಕಿ. ಆದ್ರೆ ಒಂದೇ ಸಲ ಹಾಕಿ."

ಈಗ ಮನೆಗೆ ಯಾಕೆ ಬರಲಿಲ್ಲ ಎಂಬುದು. ಬಂದಿದ್ದರೆ ನೀನು ಬೈಯುತ್ತಲೇ ನನ್ನ ಮುಂದೆ ಮಾಂಸ ತುಂಬಿದ ರೊಕೋಟೊ ಮೆಣಸಿನಕಾಯಿ ಇಡುತ್ತಿದ್ದೆ, ಪಕ್ಕದಲ್ಲಿ ಮೆಕ್ಕೆಜೋಳದ ಚಿಚಾ ಲೋಟ ಇಡುತ್ತಿದ್ದೆ, ಸೊಂಟದ ಮೇಲೆ ಕೈಯಿಟ್ಟು ನಾನು ತಿನ್ನುವುದನ್ನೇ ನೋಡುತ್ತಿದ್ದೆ. ನನಗೆ ತಿನ್ನಲಾಗುತ್ತಿರಲಿಲ್ಲ. ಜೂನ್ ತಿಂಗಳಿನಿಂದ ನನ್ನ ದವಡೆ ಬಿಗಿಯುತ್ತಿದೆ. ಹಲ್ಲುನೋವಿಗೆ ಒಬ್ಬ ದಂತವೈದ್ಯ, ನಾನು ಬೇಡ ಬೇಡವೆಂದರೂ ಕೇಳದೆ ಒಸಡಿಗೆ ಸೂಜಿ ಚುಚ್ಚಿದ. ನಮ್ಮಂಥವರ ಮಾಂಸಕ್ಕೆ ಅಷ್ಟು ಗಾಯವಾದರೂ ಸಾಕು, ಅಲ್ಲೂ ಮೂಳೆ. ಈಗ ಬಾಯಿ ಒಂದು ಬೆರಳಿನಷ್ಟು ತೆರೆಯುತ್ತದೆ. ಗಂಜಿ, ಸಾರು, ಹಿಸುಕಿದ ಆಲೂಗಡ್ಡೆ ನಡೆಯುತ್ತದೆ. ಹೆದರಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ರೇಡಿಯೋದವರಿಗೆ ತಿಳಿಸಿದ್ದೇನೆ. ಮಾಲೀಕ, "ರಜಾ ತಗೋ, ಆಮೇಲೆ ನೋಡೋಣ," ಎಂದ. "ಆಮೇಲೆ ಏನ್ ನೋಡೋದು? ನಾಳೆ ಆರು ಗಂಟೆಗೆ ಬರ್ತೀನಿ," ಎಂದೆ. ಹಲ್ಲು ಕಚ್ಚಿಕೊಂಡೇ ಸುದ್ದಿ ಓದುವ ಅಭ್ಯಾಸ ಮಾಡುತ್ತಿದ್ದೇನೆ. ಚಿಕ್ಕಮ್ಮ ಸಿಟ್ಟು ಬಂದಾಗ ಹಾಗೇ ಮಾತಾಡುತ್ತಾಳಲ್ಲ, ಇವತ್ತಿನವರೆಗೆ ಅವಳ ಒಂದು ಮಾತಾದರೂ ಯಾರಿಗಾದರೂ ಅರ್ಥವಾಗದೆ ಉಳಿದಿದೆಯೇ? ದವಡೆ ಪೂರ್ತಿ ಮುಚ್ಚಿದರೂ ತುಟಿ ಆಡುತ್ತದೆ, ನಾಲಿಗೆ ಆಡುತ್ತದೆ. ಈ ಮೈ ನನ್ನನ್ನು ಎಷ್ಟು ಬೇಕಾದರೂ ಕಟ್ಟಿಹಾಕಲಿ. ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಯಾರಿಗೂ ಇನ್ನು ಮುಂದೆ ಕಾಲುಚೀಲ ಬಿಚ್ಚಿಸದೆ ಒಂದು ಮಗುವನ್ನು ಕೊಯ್ಯಲು ಮನಸ್ಸಾಗಬಾರದು. ಅಷ್ಟನ್ನು ಮಾಡಿ ಬಂದಿದ್ದೇನೆ.

ಮಾತ್ರೆ ನಿಲ್ಲಿಸುವುದಿಲ್ಲ. ನಿನ್ನ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನನಗೆ ಉಪಯೋಗವಾಗದೆಯೂ ಇರಬಹುದು. ಲುಸ್ಮಿಲಾಗೆ ಇಪ್ಪತ್ತಾಗುವ ಹೊತ್ತಿಗೆ ಆಗಬಹುದು. ಆಗದಿದ್ದರೆ ಆಗಲಿಲ್ಲ ಎಂಬುದಾದರೂ ಖಚಿತವಾಗಿ ಗೊತ್ತಾಗುತ್ತದೆ. ನನ್ನ ಮೈಯ ಲೆಕ್ಕವನ್ನು ಮೊದಲ ಸಲ ಯಾರೋ ಸರಿಯಾಗಿ ಇಡುತ್ತಿದ್ದಾರೆ, ಅಮ್ಮ.

ಸೊಂಟನೋವಿಗೆ ಬಿಸಿ ಮರಳಿನ ಚೀಲ ಇಟ್ಟುಕೋ. ಭಾರದ ಪಾತ್ರೆಗಳನ್ನು ಒಬ್ಬಳೇ ಎತ್ತಬೇಡ.

ನಿನ್ನ ಮಾತು ಕೇಳದ, ನಿನ್ನ ಹಾಗೇ ಇರುವ ಮಗಳು,
ಅಸುಂತಾ

ತಾ.ಕ.: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ಎದೆಲ್ಮೀರಾ ಫೋನ್ ಮಾಡಿದ್ದಳು. ಪರೀಕ್ಷೆಗಳು ಮುಗಿಯುವವರೆಗೆ ಅವರು ಅರೆಕೀಪಾದಲ್ಲೇ ಇರಬೇಕಿತ್ತು, ಅಲ್ಲಿ ಅವರಿಗೆ ಯಾರೂ ಇರಲಿಲ್ಲ. ಯಾರು ಕಳಿಸಿದ್ದೆಂದು ಹೇಳಬೇಡ ಎಂದು ಹೇಳಿ ನಿನ್ನ ಊಟದ ಮನೆಯ ದಾರಿ ತೋರಿಸಿದ್ದೆ. ಮಗು ಅನ್ನಕ್ಕೆ ಬಗ್ಗಲಾರದೆ ಒದ್ದಾಡುವುದನ್ನು ಕಂಡು ನೀನು ಹತ್ತಿರ ಬಂದೆಯಂತೆ. ಏನೂ ಕೇಳದೆ ಅದರ ಚಪ್ಪಲಿ ಬಿಚ್ಚಿ ನೋಡಿ, ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲವಂತೆ. ಬಂದವಳು ತಟ್ಟೆಯನ್ನು ಮಗುವಿನ ಬಾಯಿಯ ಎತ್ತರಕ್ಕೆ ಹಿಡಿದು ಕೂತು ಎದೆಲ್ಮೀರಾಗೆ, "ಇವ್ಳನ್ನ ಕೊಯ್ಯೋಕೆ ಯಾರಿಗೂ ಬಿಡ್ಬೇಡ ಕಣೇ. ಲಿಮಾದಲ್ಲಿ ಒಬ್ಳು ಡಾಕ್ಟರಮ್ಮ ಇದಾಳೆ, ಒಫೆಲಿಯಾ ಅಂತ. ಅವ್ಳ ಹತ್ರ ಕರ್ಕೊಂಡು ಹೋಗು. ನನ್ನ ಮಗಳು ಅವ್ಳನ್ನ ನಂಬಿದಾಳೆ, ನನ್ನ ಮಗಳು ದಡ್ಡಿ ಅಲ್ಲ," ಎಂದೆಯಂತೆ.